ಒಂದು ಕಿಕ್ಕಿಗೆ ಮೂರು ಕೆಲಸ

ಜಗತ್ತಿನ ತೈಲ ಕಂಪನಿಗಳೆಲ್ಲ ಹೆದರಿ ನಡುಗಬೇಕಾದ ಮನುಷ್ಯರೊಬ್ಬರು ತಿಕೋಟಾದಲ್ಲಿದ್ದಾರೆ. ಈ ಸುದ್ದಿ ಕಂಪನಿಗಳಿಗೆ ಇನ್ನೂ ಮುಟ್ಟಿಲ್ಲ, ಅದೊಂದೇ ಕೊರತೆ! ಅವರು ನಮ್ಮ ಕಾಕಾ, ನನ್ನ ಅಪ್ಪನ ಖಾಸಾ ತಮ್ಮ. ಒಣದ್ರಾಕ್ಷಿ ವ್ಯಾಪಾರ ಮಾಡುತ್ತಾರೆ. ಒಂದು ಹಿಡಿ ದ್ರಾಕ್ಷಿಯನ್ನು ಅಂಗೈಯಲ್ಲಿ ಹಿಚುಕಿ ನೋಡಿದರೆಂದರೆ ಅದು ಯಾವ ತೋಟದ್ದು, ನೆರಳಲ್ಲಿ ಎಷ್ಟು ದಿನ ಒಣಗಿತು, ತೋಟದ ಮಾಲಕ ಎಷ್ಟು ಸುಳ್ಳು ಹೇಳುತ್ತಿದ್ದಾನೆ ಎಲ್ಲವನ್ನೂ ಹೇಳಿಬಿಡುತ್ತಾರೆ. ಇಷ್ಟು ಜಾಣರಿಗೆ ಒಂದೇ ವಿಷಯದಲ್ಲಿ ತಲೆ ತಿರುಗುತ್ತದೆ. ಅದು ಪೆಟ್ರೋಲು.

ಪೆಟ್ರೋಲು ನೂರು ದಾಟಿದ ದಿನ ಊರಿನವರೆಲ್ಲ ನಾಲ್ಕು ಬೈದು, ಹಾಕಿಸಿಕೊಂಡು, ಮನೆಗೆ ಹೋದರು. ನಮ್ಮ ಕಾಕಾ ಮಾತ್ರ ಯುದ್ಧ ಸಾರಿದರು. "ನನ್ನ ಕಡಿಂದ ಕಂಪನಿಗೆ ಒಂದ ಹನಿ ಲಾಭ ಹೆಚ್ಚಿಗಿ ಹೋಗಬಾರದು!" ಆ ಪ್ರತಿಜ್ಞೆಯಿಂದ ಹುಟ್ಟಿದ್ದು ಅವರ ಮನೆಯ ಮಹಾ ಕಾನೂನು: ಒಂದು ಕಿಕ್ಕಿಗೆ ಮೂರು ಕೆಲಸ. ಸ್ಕೂಟರಿಗೆ ಒಮ್ಮೆ ಕಿಕ್ ಹೊಡೆದು ಹೊರಬಿದ್ದರೆ ಮೂರು ಕೆಲಸ ಮುಗಿಸಿಕೊಂಡೇ ಬರಬೇಕು. ಎರಡು ಕೆಲಸಕ್ಕೆ ಗಾಡಿ ಹೊಸ್ತಿಲು ದಾಟುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದಿದ್ದರೆ, "ತಡಿ, ಇನ್ನೆರಡು ಕೆಲಸ ನೆನಪ ಮಾಡ್ಕೋತೇನಿ" ಅನ್ನುತ್ತಿದ್ದರೋ ಏನೋ, ದೇವರು ದೊಡ್ಡವನು, ಅಂಥ ಪ್ರಸಂಗ ತರಲಿಲ್ಲ.

ಈ ಕಾನೂನಿಗೆ ಮೊದಲು ಸಿಕ್ಕಿಬಿದ್ದವಳು ಅವರ ಹೆಂಡತಿ, ನಮ್ಮ ಕಾಕು. ಅವಳು ಬಂಗಾರ ಕೇಳಿದವಳಲ್ಲ, ರೇಷ್ಮೆ ಸೀರೆ ಕೇಳಿದವಳಲ್ಲ. ಅವಳಿಗಿದ್ದದ್ದು ಒಂದೇ ಆಸೆ.

"ಏನ್ರೀ, ಒಂದ ದಿನ, ಯಾವ ಕೆಲಸಾನೂ ಇಲ್ಲದ, ಸುಮ್ಮ ನನ್ನ ಗಾಡಿ ಮ್ಯಾಲ ಅಡ್ಡ್ಯಾಡಿಸಿಕೊಂಡ ಬರ್ರಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ರಿ. ಸುಮ್ಮ."

"ಎಲ್ಲಿಗೂ ಇಲ್ಲ ಅನ್ನೂ ಊರು ಇಲ್ಲಿಂದ ಎಷ್ಟು ಕಿಲೋಮೀಟರ್ ಐತಿ? ಹೋಗಿ ಬರಾಕ ಎಣ್ಣಿ ಎಷ್ಟು ಬೇಕು?"

ಇಂಥ ಪ್ರಶ್ನೆಗೆ ಯಾವ ಹೆಂಡತಿ ಉತ್ತರ ಕೊಟ್ಟಾಳು? ಕಾಕು ಒಳಗೆ ಹೋಗಿ ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿಯುತ್ತಿದ್ದಳು. ವರ್ಷಕ್ಕೆ ನಾಲ್ಕು ಸಲವಾದರೂ ಈ ಸಂಭಾಷಣೆ ನಡೆಯುತ್ತಿತ್ತು, ಅಕ್ಷರ ಬದಲಾಗದೆ.

ಕಾಕಾ ಪೆಟ್ರೋಲು ಹಾಕಿಸುವುದನ್ನು ನೀವೊಮ್ಮೆ ನೋಡಬೇಕು! ಹೋಗುವುದು ಮುಂಜಾನೆ, ಬಿಸಿಲು ಏರುವ ಮೊದಲು. "ನಮ್ಮ ಬಿಜಾಪುರದ ಬಿಸಲಿಗೆ ಮನಶ್ಯಾನ ಉಬ್ಬತಾನ, ಪೆಟ್ರೋಲ್ ಉಬ್ಬೂದಿಲ್ಲೇನು? ಮಧ್ಯಾಹ್ನ ಹಾಕಸಿದ್ರ ಅರ್ಧಾ ಬರೇ ಉಬ್ಬರ!" ನೂರು, ಇನ್ನೂರು ಎಂದು ದುಂಡನೆಯ ಮೊತ್ತ ಹೇಳುವವರು ಅವರ ಪ್ರಕಾರ ಶತಮೂರ್ಖರು, ಯಂತ್ರದಲ್ಲಿ ಆ ಅಂಕಿಗಳಿಗೆ ಮೊದಲೇ 'ಸೆಟ್ಟಿಂಗ್' ಮಾಡಿರುತ್ತಾರಂತೆ. ಅದಕ್ಕೇ ನೂರಾ ಹತ್ತು. ಊರ ಮಂದಿಯೆಲ್ಲ ನೂರಾ ಹತ್ತು ಹಾಕಿಸಲು ಕಲಿತ ಮೇಲೆ, "ಕಂಪನ್ಯಾವರಿಗೆ ಅದೂ ಗೊತ್ತಾಗೇತಿ" ಎಂದು ನೂರಾ ಹದಿಮೂರಕ್ಕೆ ಸರಿದರು. ಹಾಕಿಸಿದ ಮೇಲೆ ಪೈಪು ಎತ್ತಿ ಹಿಡಿದು ಕೊನೆಯ ಹನಿಗೆ ಕಾಯುತ್ತಾರೆ. ಗುಡಿಯಲ್ಲಿ ತೀರ್ಥಕ್ಕೂ ಅವರು ಅಷ್ಟು ಭಕ್ತಿಯಿಂದ ಕೈ ಒಡ್ಡಿದವರಲ್ಲ.

ಒಮ್ಮೆ ಅಳತೆಯ ಮೇಲೇ ಸಂಶಯ ಬಂತು. ಐದು ಲೀಟರಿನ ಅಳತೆ ಡಬ್ಬಿಯಲ್ಲಿ ಹಿಡಿದು ತೋರಿಸಿರಿ ಎಂದು ಪಟ್ಟು ಹಿಡಿದರು. ಗಿರಾಕಿ ಕೇಳಿದರೆ ಬಂಕಿನವರು ಇಲ್ಲ ಅನ್ನುವಂತಿಲ್ಲ. ಹಿಂದೆ ಟ್ರ್ಯಾಕ್ಟರು, ಟಂಟಂ, ಮದುವೆಗೆ ಹೊರಟ ಜೀಪು, ಎಲ್ಲರೂ ಹಾರ್ನು ಒತ್ತುತ್ತಿದ್ದಾರೆ. ಡಬ್ಬಿ ಬಂತು, ಅಳೆದರು, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ಬಂಕಿನ ಹೆಣ್ಣುಮಗಳು ಹಣೆ ಒರೆಸಿಕೊಂಡು ಕೇಳಿದಳು.

"ಸಮಾಧಾನ ಆತಿಲ್ರೀ ಕಾಕಾ? ಈಗ ಎಷ್ಟು ಹಾಕ್ಲಿ?"

"ನೂರಾ ಹದಿಮೂರು ರೂಪಾಯಿದು."

ಐದು ಲೀಟರಿನ ಪರೀಕ್ಷೆ, ಒಂದು ಲೀಟರಿನ ಖರೀದಿ! ಹಿಂದಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು ಕಾಕಾರಿಗೆ ಎರಡೂ ಕೈ ಜೋಡಿಸಿದ.

ತಿಕೋಟಾ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಚಹಾದಂಗಡಿ ಇದೆ, ಅದಕ್ಕೆ ಅಂಟಿಕೊಂಡೇ ಚಾಚಾನ ಪಂಕ್ಚರ್ ಅಂಗಡಿ. ಚಾಚಾ ಎಂದರೆ ಕಾಕಾರ ಶಾಲೆಯ ಗೆಳೆಯ, ದೇಶದ ಪೆಟ್ರೋಲ್ ನೀತಿಯಲ್ಲಿ ಕಾಯಂ ವಿರೋಧ ಪಕ್ಷ. ನಾನು ತಿಕೋಟಾದ ಒಂದು ಕಚೇರಿಯಲ್ಲಿ ಗುಮಾಸ್ತೆ, ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಹಾಗಾಗಿ ಸಂಜೆ ಬಸ್ಸು ಕಾಯುವಾಗ ಈ ಅಧಿವೇಶನ ನನಗೆ ಪುಕ್ಕಟೆ.

"ಸಮುದ್ರದ ಬುಡದಾಗಿಂದ ಎಣ್ಣಿ ತಗೀಬೇಕು, ಹಡಗದಾಗ ತರಬೇಕು, ಶುದ್ಧ ಮಾಡಬೇಕು," ಅಂದ ಚಾಚಾ. "ಲಾಭ ಇಲ್ಲದ ಯಾರ ಮಾಡ್ತಾರಪಾ? ನೀ ಏನ ಲಾಭ ಇಲ್ಲದ ದ್ರಾಕ್ಷಿ ಮಾರ್ತಿಯೇನು?"

"ಮಾರೂದಿಲ್ಲ. ಆದ್ರ ನಂದು ರೇಟ್ ಏರಿದ್ರ ಏರ್ತೈತಿ, ಇಳದ್ರ ಇಳೀತೈತಿ. ಇವರದು? ಅಲ್ಲೆಲ್ಲೋ ಕಚ್ಚಾ ಎಣ್ಣಿ ಏರಿದ್ರ ಇಲ್ಲಿ ಬೆಳಕ ಹರಿಯೂದ್ರಾಗ ಏರ್ತೈತಿ. ಅಲ್ಲಿ ಇಳದ್ರ? ಮೊಣಕಾಲ ಬ್ಯಾನಿ ಮುದಕಿ ಪಾವಟಿಗಿ ಇಳದಂಗ, ಒಂದ ಇಳದು ಹತ್ತ ಮಿನಿಟ್ ಕುಂದರತೈತಿ!"

"ಅದರಾಗ ಸರಕಾರದ ತೆರಿಗಿ ಎಷ್ಟೈತಿ ನೋಡೀ ಏನು? ಬರೇ ಕಂಪನಿಗೆ ಯಾಕ ಬೈತಿ?"

"ಸರಕಾರಕ್ಕ ಐದ ವರ್ಷಕ್ಕೊಮ್ಮೆ ಬಟನ್ ಒತ್ತಿ ಬೈತೇನಿ. ಕಂಪನಿಗೆ ಬೈಯಾಕ ಬಟನ್ ಎಲ್ಲೈತಿ ತೋರಸು!"

ಚಾಚಾ ಪಂಕ್ಚರ್ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕತೊಡಗಿದ.

ಮೂರು ತಿಂಗಳಿಗೊಮ್ಮೆ ಪೇಪರಿನಲ್ಲಿ ತೈಲ ಕಂಪನಿಗಳ ಲಾಭ ಬರುತ್ತದಲ್ಲ, ಆ ದಿನ ಕಾಕಾರ ಸ್ಕೂಟರಿಗೆ ಏಕಾದಶಿ. ಒಂದು ಹನಿ ಮುಟ್ಟಬಾರದು. ಹಾಗಂತ ಗಾಡಿಯನ್ನು ಮನೆಯಲ್ಲಿ ಬಿಡುತ್ತಾರೆಯೇ? ಇಲ್ಲ! ಸೀಟಿನ ಮೇಲೆ ದ್ರಾಕ್ಷಿ ಪೆಟ್ಟಿಗೆ ಇಟ್ಟು, ಪೇಟೆಯ ತನಕ ನೂಕಿಕೊಂಡು ಹೋಗುತ್ತಾರೆ. ಪೆಟ್ಟಿಗೆ ಬೀಳದಂತೆ ಹಿಂದಿನಿಂದ ಕಾಕು ಹಿಡಿದುಕೊಂಡು ನಡೆಯಬೇಕು. "ಗಾಡಿ ಕೆಟ್ಟೈತೇನ್ರೀ?" ಎಂದು ಯಾರಾದರೂ ಕೇಳಿದರೆ ಕಾಕು ಹೇಳುವುದು ಒಂದೇ ಮಾತು: "ಗಾಡಿ ಚಲೋ ಐತ್ರಿ."

ನನ್ನ ಮದುವೆಯೂ ಈ ಕಾನೂನಿನಿಂದ ತಪ್ಪಿಸಿಕೊಳ್ಳಲಿಲ್ಲ. ಬಬಲೇಶ್ವರದಲ್ಲಿ ಒಬ್ಬ ಹುಡುಗ ಇದ್ದಾನೆಂದು ತಿಳಿದು, ನೋಡಿ ಬರಲು ಅಪ್ಪ ಕಾಕಾರನ್ನು ಕಳಿಸಿದರು. ಹುಡುಗನನ್ನು ನೋಡುವುದು ಒಂದು, ಒಬ್ಬ ವ್ಯಾಪಾರಿಗೆ ದ್ರಾಕ್ಷಿ ಮಾದರಿ ಕೊಡುವುದು ಎರಡು, ಮೊಂಡಾದ ಕುಡಗೋಲು ಹಣಿಸಿಕೊಂಡು ಬರುವುದು ಮೂರು. ಆದರೆ ಕಮ್ಮಾರನ ಅಂಗಡಿ ಬಂದ್! ಮೂರನೆಯ ಕೆಲಸವಿಲ್ಲದೆ ವಾಪಸ್ ಬರುವುದು ಹೇಗೆ? ಹುಡುಗನ ಮನೆಯಲ್ಲಿ ಕಣ್ಣಾಡಿಸಿದರು. ಮೂಲೆಯಲ್ಲಿ ಕೆಟ್ಟ ಮಿಕ್ಸರ್ ಕಂಡಿತು. "ನಮ್ಮ ತಿಕೋಟಾದಾಗ ಮಸ್ತ್ ರಿಪೇರಿ ಮಾಡ್ತಾರ್ರಿ" ಎಂದವರೇ, ಹುಡುಗನ ತಾಯಿ ಬೇಡ ಬೇಡ ಅನ್ನುತ್ತಿದ್ದರೂ, ಮಿಕ್ಸರನ್ನು ಕಾಲಬುಡದಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಮನೆಗೆ ಬಂದು ವರದಿ ಒಪ್ಪಿಸಿದರು: "ಹುಡುಗ ಚಲೋ ಅದಾನ. ಗಾಡಿ ಲೀಟರಿಗೆ ಅರವತ್ತು ಓಡಸ್ತಾನ." ಓದು? ಕೆಲಸ? ಗುಣ? ಏನೂ ಕೇಳಿರಲಿಲ್ಲ! ಮಿಕ್ಸರ್ ತಿರುಗಿ ಕೊಡಲು ಅಪ್ಪನೇ ಹೋಗಬೇಕಾಯಿತು, ಹೋದವರು ಮಾತುಕತೆ ಮುಗಿಸಿ ಬಂದರು. ಆ ಅರವತ್ತೇ ಈಗ ನನ್ನ ಗಂಡ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಅದೇ ಮಿಕ್ಸರು ಇನ್ನೂ ತಿರುಗುತ್ತಿದೆ.

ನಮ್ಮ ಮನೆಗೆ ಬರುವಾಗ ಹಾದಿಯಲ್ಲೊಂದು ಉದ್ದನೆಯ ಇಳುಕಲು ಇದೆ. ಅಲ್ಲಿಗೆ ಬಂದೊಡನೆ ಕಾಕಾ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡುತ್ತಾರೆ. "ಇಳುಕಲದಾಗ ದೇವರ ಪುಕ್ಕಟೆ ನೂಕ್ತಾನ, ಕಂಪನಿಗೆ ಯಾಕ ತಿನಸೂದು?" ಆ ಹಳೇ ಗೇರಿನ ಸ್ಕೂಟರಿನ ಸಪ್ಪಳವೋ, ಹಿಟ್ಟಿನ ಗಿರಣಿಯೇ ರಸ್ತೆಗಿಳಿದ ಹಾಗೆ. ಬಂದ್ ಆದಾಗ ನಾಯಿಗಳು ಕೂಡ ಸುಮ್ಮನಾಗುತ್ತವೆ.

"ನಿನಗೆ ಹೆದರಿಕೆ ಆಗೂದಿಲ್ಲೇನು ಕಾಕು?" ಎಂದು ಒಮ್ಮೆ ಕೇಳಿದೆ.

"ಹೆದರಿಕಿ ಎಲ್ಲಿದವ್ವಾ! ಅಷ್ಟ ದೂರ ಮಾತ್ರ ನನ್ನ ಮಾತು ಅವರಿಗೆ ಕೇಳಸ್ತೈತಿ. ಮನ್ಯಾಗ ಪೇಪರು, ಅಂಗಡ್ಯಾಗ ಗಿರಾಕಿ, ಗಾಡಿ ಮ್ಯಾಲ ಸಪ್ಪಳ. ಹೇಳೂದೆಲ್ಲಾ ಅಲ್ಲೇ ಹೇಳ್ತೇನಿ. ಅಷ್ಟರಾಗ ಇಳುಕಲ ಮುಗಿದು ಕಿಕ್ ಹೊಡದೇ ಬಿಡ್ತಾರ. ಮಾತು ಅರ್ಧಕ್ಕ ನಿಂದರ್ತೈತಿ."

ಹೀಗೆ ಅರ್ಧ ಮಾತಿನಲ್ಲೇ ಸಂಸಾರ ನಡೆಯುತ್ತಿರುವಾಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಕಾಕಾ ತಿಕೋಟಾ ಪೇಟೆಯಲ್ಲಿ ಪೇಡೆ ಹಂಚುವುದೊಂದು ಬಾಕಿ! "ನೋಡಲೇ, ಕಂಪನಿ ಸೋತಿತು!" ಎಂದು ಚಾಚಾನ ಬೆನ್ನಿಗೆ ಗುದ್ದಿದರು. ಮೂರೂ ಕೆಲಸ ಕಾಕುವಿನ ಪಾಲಿಗೆ ಬಂದವು. ಹೊನವಾಡಕ್ಕೆ ಮಾದರಿ ಕೊಡಲು ಕಾಕು, ಬಬಲೇಶ್ವರದ ಮದುವೆಗೆ ಕಾಕು, ವಿಜಯಪುರದ ಆಸ್ಪತ್ರೆಯಲ್ಲಿದ್ದ ಸಂಬಂಧಿಕರನ್ನು ಮಾತಾಡಿಸಲು ಕಾಕು. ಸ್ಕೂಟರು ಪಡಸಾಲೆಯಲ್ಲಿ ಹೊದಿಕೆ ಹೊದ್ದು ಮಲಗಿತು. ಕಾಕಾ ಅದರ ಪಕ್ಕದಲ್ಲಿ ಕೂತು ಪೇಪರು ಓದುತ್ತ, ಗೆದ್ದ ರಾಜನ ಹಾಗೆ ಮೀಸೆ ತೀಡುತ್ತಿದ್ದರು.

ಆದರೆ ಕಾಕುವಿಗೆ ರುಚಿ ಹತ್ತಿಬಿಟ್ಟಿತು. ಒಂದು ದಿನ ಮಧ್ಯಾಹ್ನ ಮನೆಗೆ ಬಂದವಳ ಮುಖ ಅರಳಿತ್ತು.

"ಎಲ್ಲಿಗೆ ಹೋಗಿದ್ದಿ?" ಕಾಕಾ ಕೇಳಿದರು.

"ಬಬಲೇಶ್ವರಕ್ಕ."

"ಏನ ಕೆಲಸ ಇತ್ತು?"

"ಏನೂ ಇಲ್ರಿ. ಕಿಡಕಿ ಕಡೆ ಕುಂತೆ, ಹೋದೆ. ಹೊಳ್ಳಿ ಅದೇ ಬಸ್ಸಿಗೆ ಬಂದೆ. ಸುಮ್ಮ."

ಕಾಕಾ ಪೇಪರು ಮಡಚಿ ಕೆಳಗಿಟ್ಟರು. ಅವಳು ಇಷ್ಟು ವರ್ಷ ತಮ್ಮನ್ನು ಕೇಳುತ್ತಿದ್ದ ಒಂದೇ ಒಂದು ವಸ್ತುವನ್ನು ಸರಕಾರಿ ಬಸ್ಸು ಕೊಟ್ಟುಬಿಟ್ಟಿತ್ತು. ಅವಳು ಇನ್ನು ಕೇಳುವುದಿಲ್ಲ. ಕೇಳಲೂ ಇಲ್ಲ, ರೊಟ್ಟಿಯನ್ನು ಜೋರಾಗಿ ಬಡಿಯಲೂ ಇಲ್ಲ. ಅದೇ ಅವರಿಗೆ ತಡೆಯಲಾಗಲಿಲ್ಲ.

ಮುಂದೆ ಕಾಕಾ ಚಹಾದಂಗಡಿಯಲ್ಲಿ ಮಾತು ಕಡಿಮೆ ಮಾಡಿದರು. ಪೇಪರಿನಲ್ಲಿ ಕಂಪನಿಯ ಲಾಭ ಬಂತು, ಸ್ಕೂಟರಿಗೆ ಏಕಾದಶಿ ಆಗಲಿಲ್ಲ. ಚಾಚಾ ತಾನೇ ಕೆಣಕಿ ಕಂಪನಿಯನ್ನು ಹೊಗಳಿದ, ಕಾಕಾ "ಇರ್ಲಿ ಬಿಡು" ಅಂದರಂತೆ. ಇರ್ಲಿ ಬಿಡು! ಒಂದು ಸಂಜೆ ನಾನು ಸ್ಟ್ಯಾಂಡಿಗೆ ಬಂದೊಡನೆ ಚಾಚಾ ಗಾಬರಿಯಿಂದ ಓಡಿ ಬಂದ.

"ಬೇಟಿ, ನಿಮ್ಮ ಕಾಕಾಗ ಏನರ ಆಗೇತಿ ನೋಡವಾ. ಇವತ್ತ ಟಾಕಿ ಫುಲ್ ಮಾಡಿಸ್ಯಾನ!"

"ಫುಲ್ಲಾ?"

"ಅದೂ ರಣರಣ ಬಿಸಲಾಗ! ಪೈಪು ಸುದ್ದಾ ಝಾಡಿಸ್ಲಿಲ್ಲಂತ. ಬಂಕಿನ ಹುಡುಗಿ ಅಂಜಿ ನನಗ ಫೋನ್ ಮಾಡಿದ್ಲು."

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದರೆ ನನಗಿಂತ ಮೊದಲೇ ನುಗ್ಗಿ ಕಿಟಕಿಯ ಪಕ್ಕ ಕಾಕು ಕೂತಿದ್ದಾಳೆ, ನಮ್ಮ ಮನೆಗೆ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟವಳು. ಕಂಡಕ್ಟರ್ ನಮಗಿಬ್ಬರಿಗೂ ಸೊನ್ನೆಯ ಟಿಕೆಟು ಹರಿದುಕೊಟ್ಟ. ಬಸ್ಸು ಇನ್ನೇನು ಹೊರಡಬೇಕು, ಗಿರಣಿಯ ಸಪ್ಪಳ ಕೇಳಿಸಿತು. ಕಾಕಾ ಸ್ಕೂಟರನ್ನು ತಂದು ಬಸ್ಸಿನ ಮೂಗಿಗೇ ನಿಲ್ಲಿಸಿದರು! ಡ್ರೈವರ್ ಬಾಯಿಗೆ ಬಂದದ್ದು ಬೈಯುತ್ತಿದ್ದಾನೆ, ಕಾಕಾ ಕಿಟಕಿಯ ಕೆಳಗೆ ಬಂದು ನಿಂತರು. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ.

"ಇಳಿ, ಹೋಗೂಣು."

"ಟಿಕೆಟ್ ತಗಸೇನ್ರಿ!"

"ಎಷ್ಟು ಹೋತು?"

"ಸೊನ್ನಿ."

"ಹೋದ್ರ ಹೋಗ್ಲಿ. ಇಳಿ."

"ಏನ ಕೆಲಸ ಐತ್ರಿ?"

ಇಡೀ ಬಸ್ಸು ಕಿಟಕಿಗೆ ಬಂದಿತ್ತು. ಕಾಕಾ ತಲೆ ಕೆಳಗೆ ಹಾಕಿ ಬೆರಳು ಮಡಚಿದರು. "ಮೂರು ಕೆಲಸ ಅದಾವ. ನೀ ಹಿಂದ ಕುಂದರೂದು ಒಂದು. ಎಲ್ಲಿಗೂ ಇಲ್ಲದ ಸುಮ್ಮ ಹೋಗೂದು ಎರಡು." ಮೂರನೆಯದಕ್ಕೆ ಬೆರಳು ಮಡಚಿ, ಎಣ್ಣೆ ಹಚ್ಚಿದ ತಲೆ ಕೆರೆದುಕೊಂಡರು. "ಮೂರನೇದು ನೆನಪ ಆಗವಲ್ದು. ಹಾದ್ಯಾಗ ನೋಡೂಣು."

"ಇಳೀರಿ ಯವ್ವಾ, ಸೊನ್ನಿ ನಾ ತುಂಬಿಕೊಳ್ತೇನಿ!" ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು. ಕಾಕು ರೊಟ್ಟಿಗಂಟನ್ನು ನನ್ನ ತೊಡೆಗೆ ಹಾಕಿ, ಸೆರಗು ಬಿಗಿದುಕೊಂಡು ಇಳಿದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಸುಳ್ಳೇಕೆ ಹೇಳಲಿ.

ಸ್ಕೂಟರು ಮುಂದೆ, ನಮ್ಮ ಬಸ್ಸು ಹಿಂದೆ. ಇಳುಕಲು ಬಂತು. ಅಲ್ಲಿ ನಡೆದ ಮಾತನ್ನು ಕಾಕು ಆಮೇಲೆ ನನಗೆ ಹೇಳಿದ್ದು. ಕಾಕಾ ಎಂಜಿನ್ ಬಂದ್ ಮಾಡಲಿಲ್ಲವಂತೆ. "ಇವತ್ತ ಕಂಪನಿ ತಿಂದ್ರ ತಿನ್ಲಿ!" ಎಂದು ಸಪ್ಪಳದ ನಡುವೆಯೇ ಕೂಗಿದರಂತೆ. ಕಾಕು ಅವರ ಭುಜ ತಟ್ಟಿದಳಂತೆ.

"ಬಂದ್ ಮಾಡ್ರಿ."

"ಯಾಕ? ಟಾಕಿ ಫುಲ್ ಐತಿ!"

"ಎಣ್ಣಿ ಸಲುವಾಗಿ ಅಲ್ರಿ. ನನ್ನ ಮಾತು ಕೇಳಸಬೇಕು."

ಕಾಕಾ ಕೀಲಿ ತಿರುಗಿಸಿದರು. ನಮ್ಮ ಬಸ್ಸು ಅವರನ್ನು ದಾಟುವಾಗ ನೋಡಿದೆ, ಸಪ್ಪಳವಿಲ್ಲದ ಸ್ಕೂಟರು ತೇಲಿದ ಹಾಗೆ ಇಳಿಯುತ್ತಿತ್ತು. ಕಾಕು ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದಳು, ಕಾಕಾ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು. ಹಿಂದಿನ ಗಾಜಿನ ತನಕ ಹೋಗಿ ಮತ್ತೆ ನೋಡಿದೆ. ಇಳುಕಲು ಮುಗಿದು ಗಾಡಿ ರಸ್ತೆಯ ಬದಿಗೆ ನಿಂತುಬಿಟ್ಟಿತ್ತು. ಕಾಕಾ ಕಿಕ್ ಹೊಡೆದಿರಲಿಲ್ಲ. ಕಾಕುವಿನ ಮಾತು ಇನ್ನೂ ಮುಗಿದಿರಲಿಲ್ಲ.