ತೂತು ಮುಚ್ಚುವವರೆಗೆ ಕರಡಿಗೆ ಬಿಡುಗಡೆಯಿಲ್ಲ

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನಿಗೆ ‘ದ್ವಾರಪಾಲಕ’ ಎಂಬ ಬಿರುದು ಸಿಕ್ಕಿತ್ತು. ಕನ್ನಡಕದ ಗಾಜು ತಯಾರಿಸುವ ಕಂಪನಿ ಅದು. ಅಲ್ಲಿಯ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವುದು ಅವನ ಕೆಲಸ. ಒಂದು ಬೆಳಿಗ್ಗೆ ಬಂದು ಕೂತರೆ ಪರದೆಯ ಮೇಲೆ ‘ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ’ ಎಂದು ಬರೆದಿತ್ತು. ಆಜ್ಞೆ ಎಂದರೆ ಆಜ್ಞೆ! ಕೈಕಟ್ಟಿ ಕೂತ. ಕಾಫಿಗೆ ಕರೆದರು, ಏಳಲಿಲ್ಲ. ಊಟಕ್ಕೆ ಕರೆದರು, ಡಬ್ಬಿಯನ್ನು ಅಲ್ಲಿಗೇ ತರಿಸಿಕೊಂಡ. ಕಸ ಗುಡಿಸುವಾಕೆ ಬಂದು “ಕಾಲೆತ್ತಿ” ಎಂದಾಗ ಕಾಲೆತ್ತಿದನೇ ಹೊರತು ಪರದೆಯಿಂದ ಕಣ್ಣೆತ್ತಲಿಲ್ಲ. ಸಂಜೆ ವಿಭಾಗದ ಮುಖ್ಯಸ್ಥರು ಬಂದು ಕೀಲಿಮಣೆಯ ಒಂದು ಗುಂಡಿ ಒತ್ತಿದರು. ಅಪ್‌ಡೇಟ್ ಮಂಗಮಾಯ! ಅದು ಅಪ್‌ಡೇಟೇ ಅಲ್ಲ, ಅಪ್‌ಡೇಟಿನ ಫೋಟೋ. ಪಕ್ಕದ ಮೇಜಿನವರು ಅದನ್ನು ಪರದೆ ತುಂಬ ಹರಡಿ, ನಗು ತಡೆಯಲಾರದೆ ಮನೆಗೆ ಹೋಗಿದ್ದರು. ಇಡೀ ದಿನ ಆತ ಒಂದು ಚಿತ್ರಪಟಕ್ಕೆ ಕಾವಲು ಕೂತಿದ್ದ.

ಬೇರೆಯವರಾಗಿದ್ದರೆ ನಾಚಿ ನೀರಾಗುತ್ತಿದ್ದರು. ದ್ವಾರಪಾಲಕ ಆಗಲಿಲ್ಲ. ‘ಫೋಟೋ ಸುಳ್ಳಿರಬಹುದು, ನಿಷ್ಠೆ ನಿಜ ತಾನೆ?’ ಎಂದುಕೊಂಡ. ತಿಂಗಳ ಸಂಬಳದ ನಮ್ಮಂಥವರಿಗೆ ನಿಷ್ಠೆ ಬಿಟ್ಟರೆ ಪ್ರದರ್ಶನಕ್ಕಿಡಲು ಬೇರೇನು ತಾನೇ ಇದೆ!

ಅಂಥವನ ಕಿವಿಗೆ ಆ ಗುರುವಾರ ಬೆಳ್ಳಂಬೆಳಿಗ್ಗೆ ಸುದ್ದಿ ಬಿತ್ತು: ಕರ್ನಲ್‌ನಲ್ಲಿ ತೂತು!

“ಕರ್ನಲ್ ಅಂದ್ರೆ ಯಾವ ಪಾತ್ರೆ ಅಳಿಯಂದ್ರೇ?” ಎಂದು ಅತ್ತೆ ಕೇಳಿದರು. ಮಗಳ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದಿದ್ದವರು.

“ಪಾತ್ರೆಯಲ್ಲ ಅತ್ತೆ. ಕಂಪ್ಯೂಟರಿನ ಒಳಗೆ ಕೂತಿರೋ ಯಜಮಾನ ಅಂತ ತಿಳ್ಕೊಳ್ಳಿ. ಯಾರನ್ನ ಒಳಗೆ ಬಿಡಬೇಕು, ಯಾರಿಗೆ ಎಷ್ಟು ಜಾಗ ಕೊಡಬೇಕು, ಎಲ್ಲಾ ಅವನದ್ದೇ ಅಪ್ಪಣೆ. ಈಗ ಆ ಯಜಮಾನನಲ್ಲೇ ದೋಷ ಇದೆ ಅಂತ ಗೊತ್ತಾಗಿದೆ!”

“ಅಷ್ಟೇನಾ? ಯಜಮಾನನಲ್ಲಿ ದೋಷ ಇದ್ರೂ ಮನೆ ನಡೆಯುತ್ತೆ ಬಿಡಿ. ನಾನು ನಿಮ್ಮ ಮಾವನ್ನ ಕಟ್ಕೊಂಡು ಬದುಕಲಿಲ್ವಾ?”

ದ್ವಾರಪಾಲಕನಿಗೆ ಹಾಸ್ಯ ಹಿಡಿಸಲಿಲ್ಲ. ಮನೆಯಲ್ಲಿದ್ದ ಒಂದೇ ಕಂಪ್ಯೂಟರಿನ ಮುಂದೆ ನಿಂತು ಬಲಗೈ ಮೇಲೆತ್ತಿದ. “ಕರ್ನಲ್ ಮಾಡಿದ ಕಂಪನಿಯವರು ಈ ತೂತು ಮುಚ್ಚೋ ತಿದ್ದುಪಡಿ ಕಳಿಸೋವರೆಗೂ ಈ ಯಂತ್ರದಿಂದ ಒಂದು ಚುಕ್ಕಿ ಹೊರಗೆ ಹೋಗೋ ಹಾಗಿಲ್ಲ, ಒಂದು ಗೆರೆ ಒಳಗೆ ಬರೋ ಹಾಗಿಲ್ಲ! ಇದು ನನ್ನ ಪ್ರತಿಜ್ಞೆ!”

ಪ್ರತಿಜ್ಞೆಯೇನೋ ಅವನದು, ಕಂಪ್ಯೂಟರು ಹೆಂಡತಿಯದು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಇಷ್ಟು ದಿನ ಇಲ್ಲೊಂದು ಹಾಳೆ, ಅಲ್ಲರ್ಧ ಹಾಳೆ ಸಿಗುತ್ತಿತ್ತು. ಈಗ ಮೊದಲ ಬಾರಿಗೆ ಇಡೀ ಪುಸ್ತಕವೇ ಕೈಗೆ ಬಂದಿತ್ತು. ಸ್ನಾನ ಮಾಡಲು ಒಲ್ಲದ ಒಂದು ಕರಡಿಯ ಕಥೆ, ಮುಖಪುಟದ ಮೇಲೆ ಅವಳ ಹೆಸರು! ಚಿತ್ರಗಳು ಶನಿವಾರ ಸಂಜೆ ಐದರೊಳಗೆ ತಲುಪಬೇಕು, ಇಲ್ಲದಿದ್ದರೆ ಮುದ್ರಣ ಯಂತ್ರಕ್ಕೆ ಬೇರೊಬ್ಬರ ಮೊಲದ ಪುಸ್ತಕ ಹತ್ತುತ್ತದೆ ಎಂದು ಸಂಪಾದಕಿ ಖಡಾಖಂಡಿತವಾಗಿ ಹೇಳಿದ್ದರು.

“ತಿದ್ದುಪಡಿ ಯಾವಾಗ ಬರುತ್ತಂತೆ?” ಹೆಂಡತಿ ಬಣ್ಣ ತುಂಬುತ್ತಲೇ ಕೇಳಿದಳು.

“‘ಶೀಘ್ರದಲ್ಲೇ’ ಅಂತ ಹಾಕಿದ್ದಾರೆ.”

“ಯಾವ ಶೀಘ್ರ ರೀ? ನೀವು ಬಚ್ಚಲ ನಲ್ಲಿ ಸರಿ ಮಾಡ್ತೀನಿ ಅಂದಿದ್ರಲ್ಲ, ಆ ಶೀಘ್ರಾನಾ, ಇಲ್ಲ ನಿಜವಾದ ಶೀಘ್ರಾನಾ?”

“ನನ್ನ ಮೇಲೆ ನಂಬಿಕೆ ಇಲ್ವೇನೇ ನಿಂಗೆ? ಹೋದ ವರ್ಷ ಅಪ್‌ಡೇಟ್ ಬಂದು ನಿನ್ನ ಪೆನ್ನು ಗೆರೆ ಎಳೆಯೋದೇ ನಿಲ್ಲಿಸಿತ್ತಲ್ಲ, ಆಗ ಕಾಪಾಡಿದ್ದು ಯಾರು?”

ಅದು ಸುಳ್ಳಲ್ಲ. ಆಗ ಇದೇ ದ್ವಾರಪಾಲಕ ಹಳೆಯ ಕರ್ನಲನ್ನೇ ಮರಳಿ ಪಟ್ಟಕ್ಕೇರಿಸಿ, ಯಂತ್ರದ ಕಿವಿಯಲ್ಲಿ ಅದೇನೋ ಒಂದು ಸಾಲಿನ ಮಂತ್ರ ಊದಿ, “ಇನ್ನು ಬ್ರಹ್ಮ ಬಂದರೂ ನಿನ್ನ ಪೆನ್ನು ನಿಲ್ಲಲ್ಲ!” ಎಂದು ಮೀಸೆ ತಿರುವಿದ್ದ. ಮಂತ್ರ ಏನೆಂದು ಅವಳು ಕೇಳಲಿಲ್ಲ. ಆಮೇಲೆ ಅದು ಅವನಿಗೂ ನೆನಪಿರಲಿಲ್ಲ.

ಆಫೀಸಿಗೆ ರಜೆ ಬಿಸಾಕಿ ರಣಸಿದ್ಧತೆ ಶುರುವಾಯಿತು. ಪೆನ್‌ಡ್ರೈವ್ ಹಾಕುವ ಕಿಂಡಿಗಳಿಗೆಲ್ಲ ಬಿಸಿ ಅಂಟು ಹುಯ್ದ. ಕೀಲಿಮಣೆ, ಮೌಸು, ಚಿತ್ರ ಬರೆಯುವ ಹಲಗೆ ಇವುಗಳ ತಂತಿಗಳನ್ನು ಯಾರೂ ಕಿತ್ತು ಆ ಜಾಗಕ್ಕೆ ಬೇರೇನೂ ಸಿಕ್ಕಿಸಬಾರದೆಂದು ತಂತಿ ಸಮೇತ ಅಂಟಿಸಿದ. ಇನ್ನುಳಿದದ್ದು ರೌಟರು, ಅಂದರೆ ಮನೆಗೆ ಇಂಟರ್‌ನೆಟ್ ಹಂಚುವ ಡಬ್ಬಿ. ಅದನ್ನು ಹೊರಗಿಟ್ಟರೆ ಹೆಂಡತಿ ಕಣ್ಣು ತಪ್ಪಿಸಿ ಜೋಡಿಸಿಕೊಂಡಾಳು! ಮನೆಯೆಲ್ಲ ತಡಕಾಡಿ ಕೊನೆಗೆ ವಾಷಿಂಗ್ ಮಿಷಿನ್ನಿನ ಹೊಟ್ಟೆಯೊಳಗೆ, ತನ್ನ ಹಳೇ ಟವೆಲಿನಲ್ಲಿ ಸುತ್ತಿ ಬಚ್ಚಿಟ್ಟ. ಬಟ್ಟೆ ಒಗೆಯುವುದು ಹೇಗೂ ಭಾನುವಾರ. ಎಂಥ ಬುದ್ಧಿ, ಎಂಥ ದೂರದೃಷ್ಟಿ!

ಗಂಟೆಗೊಮ್ಮೆ ವಿಧಿವತ್ತಾಗಿ ಡಬ್ಬಿಯನ್ನು ಹೊರತೆಗೆದು, ಜೋಡಿಸಿ, ‘ಬಂತೇ?’ ಎಂದು ಯಂತ್ರವನ್ನು ಕೇಳುವನು. ಯಂತ್ರ, ‘ಹಾಕಬೇಕಾದ ಅಪ್‌ಡೇಟ್: ಸೊನ್ನೆ’ ಎನ್ನುವುದು. ಅದರ ಕೆಳಗೆ ಇನ್ನೊಂದು ಸಾಲೂ ಇರುತ್ತಿತ್ತು. ಸೊನ್ನೆ ಕಂಡ ಮೇಲೆ ಕೆಳಗಿನ ಸಾಲು ಓದುವ ವ್ಯವಧಾನ ಯಾರಿಗಿದೆ! ತಂತಿ ಕಿತ್ತು, ಡಬ್ಬಿಯನ್ನು ಟವೆಲಿಗೆ ಮರಳಿಸಿ, ಮತ್ತೆ ಕಾಯಲು ಕೂರುವನು.

ಶುಕ್ರವಾರ ಮಧ್ಯಾಹ್ನಕ್ಕೆ ಅವನ ತಾಳ್ಮೆ ತುದಿ ಮುಟ್ಟಿತು. ಫೋನಿನಿಂದಲೇ ಕರ್ನಲ್ ಕಂಪನಿಗೆ ಒಂದು ಪತ್ರ ಕುಟ್ಟಿದ: ‘ಲಕ್ಷಾಂತರ ಸಂಸಾರಗಳು ನಿಮ್ಮನ್ನು ನಂಬಿ ಕೂತಿವೆ. ನನ್ನ ಪತ್ನಿಯ ಕರಡಿ ನಿಮ್ಮ ಬೇಜವಾಬ್ದಾರಿಯಿಂದ ಸೆರೆವಾಸ ಅನುಭವಿಸುತ್ತಿದೆ. ಇದಕ್ಕೆ ಹೊಣೆ ಯಾರು?’ ಸ್ವಲ್ಪ ಹೊತ್ತಿಗೇ ಉತ್ತರ ಬಂತು. ‘ಕರಡಿಯ ವಿಷಯ ತಿಳಿದು ವಿಷಾದವಾಯಿತು. ತಿದ್ದುಪಡಿ ನಿನ್ನೆ ಬೆಳಿಗ್ಗೆಯೇ ಬಿಡುಗಡೆಯಾಗಿದೆ. ದಯವಿಟ್ಟು ಮತ್ತೊಮ್ಮೆ ನೋಡಿ.’

“ಬಂದಿದೆ ಅಂತಾರಲ್ರೀ!” ಹೆಂಡತಿ ಅವನ ಭುಜದ ಮೇಲಿಂದ ಇಣುಕಿದಳು.

“ಅವರು ಹಾಗೇ ಅನ್ನೋದು. ಎಲ್ಲರಿಗೂ ಒಂದೇ ಸಲ ಬರಲ್ಲ ಕಣೇ, ಸರದಿ ಇರುತ್ತೆ. ನಾನು ಕಣ್ಣಾರೆ ಸೊನ್ನೆ ನೋಡ್ತಾ ಇದೀನಿ!”

“ಅಲ್ಲಿವರೆಗೆ ನನ್ನ ಕರಡಿ?”

“ಕಾಯ್ಲಿ. ಹೇಗೂ ಸ್ನಾನಕ್ಕೆ ಅವಸರ ಇಲ್ಲವಲ್ಲ.”

ಆ ಮಾತು ಆಡಬಾರದಿತ್ತು. ಅವತ್ತು ರಾತ್ರಿ ಅವನ ತಟ್ಟೆಗೆ ಬಡಿಸಿದ ಸದ್ದು ಪಕ್ಕದ ಮನೆಗೂ ಕೇಳಿಸಿತಂತೆ.

ಶನಿವಾರ ಬಂತು. ಹೆಂಡತಿ ಇನ್ನು ಇವನನ್ನು ನಂಬಿ ಕೂರುವವಳಲ್ಲ. ಪರದೆಯ ಮೇಲೆ ಒಂದೊಂದೇ ಚಿತ್ರ ತೆರೆದು, ಫೋನಿನಲ್ಲಿ ಫೋಟೋ ಹೊಡೆದು ಸಂಪಾದಕಿಗೆ ಕಳಿಸಿದಳು. ಪರದೆಯ ಫೋಟೋ ಯಾವತ್ತಾದರೂ ನೆಟ್ಟಗೆ ಬಂದದ್ದುಂಟೇ? ಮೈತುಂಬ ನೇರಳೆ ಪಟ್ಟೆ! ಫೋನು ತಕ್ಷಣ ರಿಂಗಾಯಿತು.

“ಏನಮ್ಮಾ ಇದು? ಕಥೆ ಕರಡೀದು. ನೀವು ಹುಲಿ ಕಳಿಸಿದ್ದೀರಲ್ಲ!”

“ಅದು ಕರಡೀನೇ ಮೇಡಂ... ಸ್ವಲ್ಪ ತೊಂದ್ರೆ ಆಗಿದೆ. ಸಂಜೆಯೊಳಗೆ ಸರಿಯಾದದ್ದು ಕಳಿಸ್ತೀನಿ.”

“ಐದು ಗಂಟೆ. ಆಮೇಲೆ ಮೊಲ,” ಎಂದು ಫೋನಿಟ್ಟರು.

ಹೆಂಡತಿ ಪೆನ್ನು ಕೆಳಗಿಟ್ಟು, ಪರದೆಯ ಮೇಲಿದ್ದ ಮುಖಪುಟವನ್ನು, ಅದರ ಮೂಲೆಯಲ್ಲಿದ್ದ ತನ್ನ ಹೆಸರನ್ನು ಸುಮ್ಮನೆ ನೋಡುತ್ತ ಕೂತಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ನೋಟ ಮಾತ್ರ ಪ್ರತಿಜ್ಞೆಯ ಬುಡಕ್ಕೇ ಕೊಡಲಿ ಹಾಕಿತು. ‘ಇನ್ನೊಂದೇ ಸಲ ನೋಡೋಣ. ಬಂದಿಲ್ಲದಿದ್ದರೆ ತೂತಾದರೂ ಸರಿ, ಕಳಿಸಿಯೇಬಿಡೋಣ’ ಎಂದು ಗಟ್ಟಿ ಮನಸ್ಸು ಮಾಡಿ ಎದ್ದ.

ಆಗ ಬಚ್ಚಲಿನ ಕಡೆಯಿಂದ ಸದ್ದು ಕೇಳಿಸಿತು. ದಬ್. ದಬ್. ದಬದಬ ದಬ್!

“ಅಮ್ಮಾ, ಮಿಷಿನ್ನಿಗೆ ಕಲ್ಲುಗಿಲ್ಲು ಹಾಕಿದ್ಯಾ?” ಹೆಂಡತಿ ಕೂಗಿದಳು.

“ಕಲ್ಲು ಯಾಕೆ ಹಾಕ್ಲಿ? ಬಿಸಿಲು ಚೆನ್ನಾಗಿದೆ ಅಂತ ಹೊದಿಕೆ ಹಾಕಿದೆ. ಒಳಗೆ ಅಳಿಯಂದ್ರ ಒಂದು ಟವೆಲ್ ಇತ್ತು, ನಾತ ಹೊಡೀತಿತ್ತು, ಅದಕ್ಕೂ ಸೇರಿಸಿ ಎರಡು ಚಮಚ ಪುಡಿ ಜಾಸ್ತಿ ಹಾಕಿದೀನಿ.”

ದ್ವಾರಪಾಲಕ ಓಡಿದ ಓಟಕ್ಕೆ ಚಾಪೆ ಅವನ ಜೊತೆಗೇ ಬಚ್ಚಲವರೆಗೆ ಬಂತು. ಗುಂಡಗಿನ ಗಾಜಿನ ಬಾಗಿಲಿನಾಚೆ, ನೊರೆಯ ಸಮುದ್ರದಲ್ಲಿ, ರೌಟರು ಒಮ್ಮೆ ಮುಳುಗಿ ಒಮ್ಮೆ ತೇಲಿ ಅವನಿಗೆ ಕಡೆಯ ನಮಸ್ಕಾರ ಹೇಳುತ್ತಿತ್ತು. ಬಾಗಿಲು ಎಳೆದ. ತೆರೆಯಲಿಲ್ಲ. ಒಗೆತ ಮುಗಿಯುವವರೆಗೂ ತೆರೆಯಬಾರದೆಂದು ಅದಕ್ಕೂ ಒಂದು ಪ್ರತಿಜ್ಞೆ ಇತ್ತು!

“ಕರಡಿ ಮಾಡಲಿಲ್ಲ, ಡಬ್ಬಿ ಮಾಡ್ತು ಸ್ನಾನ,” ಎಂದರು ಅತ್ತೆ.

“ನನ್ನ ಫೋನಿನ ನೆಟ್ಟಲ್ಲಿ...” ಎಂದು ಶುರುಮಾಡಿದ ಹೆಂಡತಿ ತಾನೇ ಅಲ್ಲವೆಂದು ತಲೆಯಾಡಿಸಿದಳು. “ಆಗಲ್ಲ. ಒಂದೊಂದು ಚಿತ್ರಾನೂ ಅಷ್ಟು ಭಾರ ಇದೆ, ಹೋಗಿ ತಲುಪೋಷ್ಟರಲ್ಲಿ ಕರಡಿ ಮುದುಕ ಆಗಿರುತ್ತೆ. ಪೆನ್‌ಡ್ರೈವ್?”

ಅವನು ಅಂಟು ತುಂಬಿದ ಕಿಂಡಿಗಳನ್ನು ನೋಡಿದ. ಅವಳೂ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಎತ್ಕೊಳ್ಳಿ.”

“ಏನನ್ನ?”

“ಎಲ್ಲಾನೂ. ನಿಮ್ಮ ಆಫೀಸಿಗೆ. ನಡೀರಿ!”

ತಂತಿಗಳೆಲ್ಲ ಅಂಟಿಕೊಂಡಿದ್ದರಿಂದ ಬಿಡಿಬಿಡಿಯಾಗಿ ಒಯ್ಯುವ ಭಾಗ್ಯವಿರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಅವನ ಎದೆಯ ಮೇಲೆ, ಚಿತ್ರದ ಹಲಗೆ ಅವಳ ಕೈಯಲ್ಲಿ, ನಡುವೆ ತಂತಿಗಳ ತೋರಣ, ಕೀಲಿಮಣೆ ಅವನ ಕೊರಳಲ್ಲಿ ಹಾರದ ಹಾಗೆ, ಮೌಸು ಹಿಂದೆ ಬೆನ್ನಿಗೆ ಬಡಿಯುತ್ತ. ಮೆಟ್ಟಿಲಿಳಿಯುವಾಗ ಇಬ್ಬರೂ ಒಂದೇ ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಹಲಗೆ ಕಿತ್ತು ಬರುತ್ತದೆ. ಬೀದಿಯಲ್ಲಿ ಹಾಲಿನಂಗಡಿಯವನು ಕೇಳಿಯೇಬಿಟ್ಟ: “ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?”

“ಇಲ್ಲ,” ಎಂದಳು ಹೆಂಡತಿ. “ಮನೆ ಉಳಿಸ್ಕೊಳ್ತಿದೀವಿ.”

ಆಫೀಸಿನಲ್ಲಿ ಮುಖ್ಯಸ್ಥರೊಬ್ಬರೇ ಇದ್ದರು. ಒಳಬಂದ ಮೆರವಣಿಗೆಯನ್ನು ಕನ್ನಡಕದ ಮೇಲಿಂದೊಮ್ಮೆ, ಒಳಗಿಂದೊಮ್ಮೆ ನೋಡಿದರು. ದ್ವಾರಪಾಲಕ ಏದುಸಿರು ಬಿಡುತ್ತ ಕಥೆ ಹೇಳಿದ. “ಕಂಪನಿಯವರು ಮೋಸ ಮಾಡಿದ್ರು ಸಾರ್. ಇವತ್ತಿಗೂ ತಿದ್ದುಪಡಿ ಬಂದಿಲ್ಲ!”

“ಬಂದಿಲ್ವಾ? ಇಲ್ಲಿನ ಎಲ್ಲಾ ಕಂಪ್ಯೂಟರಿಗೂ ಗುರುವಾರ ಬೆಳಿಗ್ಗೆ ತಾನಾಗೇ ಬಂತಲ್ಲಪ್ಪ. ನೀನು ಬೇರೆ ರಜೆಯಲ್ಲಿದ್ದೆ ನೋಡು, ಸಲೀಸಾಗಿ ಆಯ್ತು.”

ಅವರು ತಂತಿ ಜೋಡಿಸಿ, ಆ ಯಂತ್ರವನ್ನು ಅದೇ ಪ್ರಶ್ನೆ ಕೇಳಿದರು. ‘ಹಾಕಬೇಕಾದ ಅಪ್‌ಡೇಟ್: ಸೊನ್ನೆ.’

“ನೋಡಿದ್ರಾ ಸಾರ್!”

“ನೋಡ್ತಾ ಇದೀನಿ. ಕೆಳಗಿನ ಸಾಲನ್ನೂ ನೋಡ್ತಾ ಇದೀನಿ. ‘ತಡೆಹಿಡಿದಿರುವುದು ಒಂದು: ಕರ್ನಲ್.’ ಯಾರೋ ಬೇಕಂತಲೇ ತಡೆ ಹಾಕಿದ್ದಾರೆ. ಕನ್ನಡಕದ ಕಂಪನೀಲಿ ಕೆಲಸ ಮಾಡ್ತೀಯ, ಒಂದು ಸಾಲು ಕೆಳಗಿಂದು ಕಾಣಲ್ವೇನಯ್ಯ?”

“ತಡೆ ಹಾಕಿದ್ದಾರಾ?” ದ್ವಾರಪಾಲಕನ ಕಣ್ಣು ಹೊಳೆಯಿತು. “ಹಾಗಾದ್ರೆ ನುಗ್ಗಿದ್ದಾರೆ ಸಾರ್! ನಾನು ಹೇಳಿದ್ದೇ ನಿಜ ಆಯ್ತು. ಇದು ಕಳ್ಳರ ಕೆಲಸ!”

“ರೀ,” ಎಂದಳು ಹೆಂಡತಿ ಬಹಳ ಮೆತ್ತಗೆ. “ಹೋದ ವರ್ಷ ನನ್ನ ಪೆನ್ನು ನಿಂತಾಗ ಇದರ ಕಿವೀಲಿ ಒಂದು ಮಂತ್ರ ಊದಿದ್ರಲ್ಲ, ಅದು ಏನಂತ?”

ದ್ವಾರಪಾಲಕ ತಲೆ ಕೆರೆದುಕೊಂಡ. ಮಂತ್ರ ಅಕ್ಷರ ಅಕ್ಷರವಾಗಿ ನೆನಪಿಗೆ ಬರತೊಡಗಿತು: ‘ನಾನು ಹೇಳುವವರೆಗೂ ಕರ್ನಲನ್ನು ಬದಲಾಯಿಸಬೇಡ. ಯಾರು ಹೊಸದು ತಂದರೂ ಬಾಗಿಲಲ್ಲೇ ನಿಲ್ಲಿಸು.’ ಪಾಪ, ಯಂತ್ರ ಯಜಮಾನನ ಮಾತು ಮೀರಿರಲಿಲ್ಲ. ಮೂರು ದಿನದಿಂದ ತಿದ್ದುಪಡಿ ಬಾಗಿಲು ತಟ್ಟುತ್ತಲೇ ಇತ್ತು. ಬ್ರಹ್ಮ ಬಂದಿದ್ದರೂ ನಿಲ್ಲಿಸುತ್ತಿತ್ತು!

“ಇದೂ ಒಂದು ದ್ವಾರಪಾಲಕಾನೇ,” ಎಂದು ಮುಖ್ಯಸ್ಥರು ಪೆಟ್ಟಿಗೆಯ ತಲೆ ಸವರಿದರು. ತಡೆ ತೆಗೆದರು. ಎರಡು ಲೋಟ ನೀರು ಕುಡಿಯುವಷ್ಟರಲ್ಲಿ ತಿದ್ದುಪಡಿ ಕೂತು, ಯಂತ್ರ ಮಲಗಿ ಎದ್ದಿತು. ಪೆನ್ನು? ಬೆಣ್ಣೆಯ ಮೇಲೆ ಎಳೆದಂತೆ ಗೆರೆ ಎಳೆಯಿತು. ಆ ದೋಷವನ್ನೂ ಕಂಪನಿಯವರು ಎಂದೋ ಸರಿಪಡಿಸಿದ್ದರು. ಒಳಗೆ ಬಿಟ್ಟವರಿಲ್ಲ ಅಷ್ಟೆ.

ಕರಡಿಗಳು ಒಂದರ ಹಿಂದೊಂದು ಹೊರಟವು. ಕೊನೆಯ ಚಿತ್ರದ, ಬಚ್ಚಲಿಗೆ ಇಳಿಯುವ ಕರಡಿ ಹೊರಡುವ ಹೊತ್ತಿಗೆ ಗೋಡೆಯ ಗಡಿಯಾರ ಐದು ದಾಟಿತ್ತು. ಹೆಂಡತಿ ಉಗುರು ಕಚ್ಚುತ್ತ ನಿಂತಳು. ದ್ವಾರಪಾಲಕ ತನ್ನ ಉಗುರು ಮುಗಿಸಿ ಕೀಲಿಮಣೆಯ ತಂತಿ ಕಚ್ಚುತ್ತಿದ್ದ. ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು.

“ಮೊಲನ ಯಂತ್ರಕ್ಕೆ ಹತ್ತಿಸಿಬಿಟ್ಟಿದ್ದೆ ಕಣಮ್ಮ,” ಎಂದರು ಸಂಪಾದಕಿ. ದ್ವಾರಪಾಲಕನ ಬಾಯಿಂದ ತಂತಿ ಜಾರಿತು. “ನಿಮ್ಮ ಕರಡಿ ನೋಡಿ ಇಳಿಸಿದೆ. ಬಹಳ ಚೆನ್ನಾಗಿದೆ. ಇನ್ನೊಂದು ಪುಸ್ತಕಾನೂ ನಿಮಗೇ ಕೊಡೋಣ ಅಂತಿದೀನಿ. ಆದ್ರೆ ನನಗೆ ನಿಜ ಹೇಳಿ, ಮತ್ತೆ ಹೀಗಾದ್ರೆ ನನ್ನ ಕೈಲಾಗಲ್ಲ. ಏನಾಗಿತ್ತು ಕಂಪ್ಯೂಟರಿಗೆ?”

ದ್ವಾರಪಾಲಕ ಎರಡೂ ಕೈ ಜೋಡಿಸಿದ. ‘ತಾಂತ್ರಿಕ ದೋಷ, ತಾಂತ್ರಿಕ ದೋಷ’ ಎಂದು ತುಟಿಯಲ್ಲೇ ಬೇಡಿದ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತ ಕಿವಿ ನಿಮಿರಿಸಿದರು.

“ವೈರಸ್ಸಾ?” ಎಂದರು ಸಂಪಾದಕಿ.

“ಅಲ್ಲ ಮೇಡಂ,” ಎಂದಳು ಹೆಂಡತಿ. “ಗಂಡ.”