ಲೈಲನ ಧೂಳಿನ ಉಂಗುರ

ಟೂಸಾನ್‌ನ ಖಗೋಳ ವಿಭಾಗದಲ್ಲಿದ್ದ ಲೈಲ್ ಹೇವರ್‌ಕ್ಯಾಂಪ್‌ಗೆ ಆವತ್ತು ಬೇಕಾಗಿದ್ದದ್ದು ಒಂದಿಷ್ಟು ಧೂಳು. ಮನೆಯಲ್ಲಿ ಧಾರಾಳವಾಗಿತ್ತು; ಇರಬೇಕಾದದ್ದು ಅವನ ಪಾಲಿಗೆ ಹಂಚಿದ್ದ ನಕ್ಷತ್ರದ ಸುತ್ತ. ಗ್ರಹಗಳು ಹುಟ್ಟಿ ಮಿಕ್ಕ ಧೂಳಿನ ಉಂಗುರವೊಂದನ್ನು ಮಧ್ಯಾಹ್ನದ ಸಭೆಯಲ್ಲಿ ಯಾರು ತೋರಿಸುತ್ತಾರೋ ಅವರೊಬ್ಬರಿಗೇ ಕೆಲಸ ಉಳಿಯುತ್ತಿತ್ತು. ಇಲ್ಲದಿದ್ದರೆ ಮಾವನ ಹಾಸಿಗೆ ಅಂಗಡಿಯೇ ಗತಿ.

ನಕ್ಷತ್ರದ ಝಗಮಗದಲ್ಲಿ ಧೂಳು ಕಾಣುವುದಿಲ್ಲ. ಅದಕ್ಕೇ ಧೂಳಿಲ್ಲದ ಇನ್ನೊಂದು ನಕ್ಷತ್ರದ ಚಿತ್ರ ತಂದು, ತನ್ನ ನಕ್ಷತ್ರದ ಚಿತ್ರದಿಂದ ಅದನ್ನು ಕಳೆಯಬೇಕು. ಉಳಿದದ್ದೇ ಧೂಳು. ಲೈಲ್ ಪಕ್ಕದ ಮೇಜಿನ ಮಾರಿಸೋಲ್ ಇಬಾರಾಳ ಮುಂದೆ ಹಲ್ಲು ಗಿಂಜಿದ.

"ನನ್ನ ಪಾಲಿಗೆ ಧೂಳೇ ಇಲ್ಲದ ಒಂದು ಬೋಳು ನಕ್ಷತ್ರ ಬಂದಿದೆ. ತಗೊಂಡು ಹೋಗು ಮಾರಾಯ, ತಲೆ ತಿನ್ಬೇಡ," ಎಂದಳು ಅವಳು.

ಲೈಲ್ ಕಳೆದ. ಪರದೆಯ ಮೇಲೆ ಉಂಗುರ ಮೂಡಿತು! ಆದರೆ ಸುಟ್ಟ ಚಕ್ಕುಲಿಯ ಹಾಗೆ ಕಪ್ಪಗೆ. ಧೂಳು ಹೊಳೆಯಬೇಕಲ್ಲವೇ? ಕೂಡುವುದು ಕಳೆಯುವುದು ಎಲ್ಲೋ ಅದಲುಬದಲಾಗಿರಬೇಕು ಎಂದುಕೊಂಡು ಲೆಕ್ಕವನ್ನೇ ತಿರುಗಿಸಿಬಿಟ್ಟ. ಉಂಗುರ ಬೆಳ್ಳಗೆ ಫಳಫಳಿಸಿತು.

"ಸಿಕ್ತು!" ಎಂದು ಕೂಗಿದ್ದೇ ತಪ್ಪಾಯಿತು. ಕಚೇರಿ ನೋಡಿಕೊಳ್ಳುವ ಡಾಟಿ ಓಡಿಹೋಗಿ ಡಬ್ಬಿ ತುಂಬ ಡೋನಟ್ ತಂದಳು. "ನಿನ್ನ ಉಂಗುರದ ಹಾಗೇ ಇದೆ, ತಿನ್ನಪ್ಪಾ!" ಮೇಲಿನ ಮಹಡಿಯವರೆಲ್ಲ ಸಕ್ಕರೆ ಪುಡಿ ಮೆತ್ತಿದ ಕೈಯಲ್ಲೇ ಅವನ ಬೆನ್ನು ತಟ್ಟಿದರು. ಲೈಲ್ ಉಬ್ಬಿಹೋಗಿ ಮಾವನಿಗೆ ಫೋನ್ ಮಾಡಿದ: "ಹಾಸಿಗೆ ನೀವೇ ಮಾರ್ಕೊಳ್ಳಿ!" ಎಂದು ಹೇಳಿ ಪಟ್ಟನೆ ಇಟ್ಟೂ ಬಿಟ್ಟ.

ಸಭೆಯಲ್ಲಿ ನಿರ್ದೇಶಕಿ ಇಂಗ್ರಿಡ್ ಸ್ಟೂಬೆನ್ ಚಿತ್ರವನ್ನು ನೋಡಿದರು, ಲೆಕ್ಕವನ್ನೂ ನೋಡಿದರು.

"ಇದನ್ನ ಯಾಕೆ ತಿರುಗಿಸಿದೆ?"

"ಕಪ್ಪಗಿತ್ತು ಮೇಡಂ. ಬೆಳ್ಳಗೆ ಮಾಡಿದೆ."

"ಅಯ್ಯೋ ಪುಣ್ಯಾತ್ಮ! ಕಳೆದ ಚಿತ್ರದಲ್ಲಿ ಧೂಳಿದ್ರೆ ತಾನೇ ಉಂಗುರ ಕಪ್ಪಗೆ ಬರೋದು? ನಿನ್ನ ನಕ್ಷತ್ರದಲ್ಲಿ ಏನೂ ಇಲ್ಲ. ಉಂಗುರ ನೀನು ಕಳೆದ ನಕ್ಷತ್ರದ್ದು! ಅದು ಯಾರ ಪಾಲಿನದು?"

ಮಾರಿಸೋಲ್ ಮೆಲ್ಲಗೆ ಕೈಯೆತ್ತಿದಳು. ಬಾಯಿ ತುಂಬ ಡೋನಟ್ ಇದ್ದುದರಿಂದ ಮಾತು ಹೊರಡಲಿಲ್ಲ.

ಕೆಲಸ ಅವಳದಾಯಿತು. ಲೈಲ್‌ಗೆ ಅಳುವೇ ಬಂತು. ಎಲ್ಲರೂ ಹೋದ ಮೇಲೆ ಮಾರಿಸೋಲ್ ಬಂದು ಅವನ ಬೆನ್ನಿನ ಸಕ್ಕರೆ ಕೊಡವಿದಳು.

"ಬೇಜಾರು ಮಾಡ್ಕೋಬೇಡ್ವೋ. ನಿನ್ನ ನಕ್ಷತ್ರದ ಚಿತ್ರಗಳನ್ನೆಲ್ಲ ನನಗೆ ಕೊಟ್ಟು ಹೋಗು. ಕಳೆಯೋದಕ್ಕೆ ಅಷ್ಟು ಬೋಳಾಗಿರೋದು ಇನ್ನೆಲ್ಲಿ ಸಿಗತ್ತೆ?"