ಲೆನ್ಸಿನ ತಪ್ಪೋ, ಕೌದಿಯ ತಪ್ಪೋ

ನನ್ನ ತಮ್ಮನ ಮುಂದೆ ದೇವರು ಪ್ರತ್ಯಕ್ಷನಾದರೂ ಅವನು ವರ ಕೇಳುವವನಲ್ಲ. "ಚೂರು ಬೆಳಕಿನ ಕಡಿ ತಿರುಗ್ರಿ, ಲೆನ್ಸ್ ಬದಲಿ ಮಾಡ್ತೇನಿ" ಅನ್ನುವವನು. ಲೆನ್ಸ್ ಬದಲಿಸಿ ತಲೆ ಎತ್ತುವಷ್ಟರಲ್ಲಿ ದೇವರು ಬಸ್ ಹಿಡಿದು ಹೋಗಿರುತ್ತಾನೆ!

ನಮ್ಮೂರು ಇಂಡಿಯಲ್ಲಿ ಅವನದೊಂದು ಫೋಟೋ ಅಂಗಡಿ. ವಯಸ್ಸು ಅರವತ್ತು ದಾಟಿತು. ಝಳಕಿಯಿಂದ ಚಡಚಣದವರೆಗೆ ಅವನು ವಿಡಿಯೋ ತೆಗೆಯದ ಮದುವೆಯಿಲ್ಲ, ಹೊತ್ತಿಗೆ ಸರಿಯಾಗಿ ಉಂಡ ಮದುವೆಯೂ ಇಲ್ಲ. ಮನೆಯಲ್ಲೂ ಅದೇ ಹಾಡು. "ಊಟಕ್ಕ ಬಾರೋ" ಎಂದು ಐದು ಸಲ ಕೂಗಬೇಕು. ಮೊದಲು ಅವನ ಹೆಂಡತಿ ಕೂಗುತ್ತಿದ್ದಳು. ಅವಳು ತೀರಿ ನಾಲ್ಕು ವರ್ಷವಾಯಿತು, ಕೂಗುವ ಕೆಲಸ ನನ್ನ ಕೊರಳಿಗೆ ಬಿತ್ತು. ರೊಟ್ಟಿ ಆರಿ ಹಪ್ಪಳವಾದ ಮೇಲೆ ಬಂದು "ಬಿಸಿದು ಇಲ್ಲೇನು?" ಅನ್ನುತ್ತಾನೆ. ಹೊಡೆಯಬೇಕೋ ಬೇಡವೋ, ನೀವೇ ಹೇಳಿ!

ಲೆನ್ಸುಗಳಲ್ಲೂ ಅವನಿಗೆ ಪ್ರೈಮ್ ಲೆನ್ಸಿನ ಹುಚ್ಚು. ನನಗೆ ತಿಳಿದಷ್ಟು ಹೇಳುತ್ತೇನೆ. ಝೂಮ್ ಲೆನ್ಸನ್ನು ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ. ಪ್ರೈಮ್ ಲೆನ್ಸು ಮಹಾ ಹಟಮಾರಿ. ಏನೇ ಮಾಡಿದರೂ ಅದರ ನೋಟ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮುಖ ದೊಡ್ಡದಾಗಿ ಬೇಕೇ? ನೀನೇ ನಡೆದು ಹತ್ತಿರ ಹೋಗು!

"ಮತ್ತ ಅದ್ಯಾಕ ಬೇಕೋ?" ಎಂದೆ.

"ಅಕ್ಕಾ, ಅದು ಒಂದ ಕೆಲಸಾ ಮಾಡ್ತೈತಿ. ಛಲೋ ಮಾಡ್ತೈತಿ."

"ನೀ ಆ ಒಂದನ್ನರ ಅದರ ಕಡಿಂದ ಕಲಿ" ಅಂದೆ.

ಚಡಚಣದ ಮದುವೆಯಲ್ಲಿ ಹಾಗೆ ನಡೆದೂ ನಡೆದೂ ವರನ ಮೂಗಿನ ತನಕ ಹೋದ. ತೀರಾ ಹತ್ತಿರವಾಯಿತೆಂದು ಹಿಂದೆ ಹಿಂದೆ ಸರಿದು ಬುಂದಿ ತುಂಬಿದ ಬುಟ್ಟಿಯಲ್ಲಿ ಕುಳಿತ. ಎದ್ದವನು ಮೊದಲು ಒರೆಸಿದ್ದು ಲೆನ್ಸನ್ನು! ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. "ಇನ್ನೊಮ್ಮಿ ಕಟ್ಟಸ್ರಿ ಅಯ್ಯಾರ" ಎಂದು ಕೇಳಿದನಂತೆ. "ಇದೇ ಹುಡುಗಿಗೋ, ಬ್ಯಾರೇದಕಿಗೋ?" ಎಂದರಂತೆ ಅಯ್ಯನವರು.

ಇಂಥವನಿಗೆ ಸಿಂದಗಿಯ ಮಾಸ್ತರೊಬ್ಬರು ತಮ್ಮ ಸಿನಿಮಾಕ್ಕೆ ಕ್ಯಾಮೆರಾ ಹಿಡಿಯಲು ಹೇಳಿದರು. ಮದುವೆಯಲ್ಲ, ಸಿನಿಮಾ! ಹುಡುಗನಿದ್ದಾಗಿನಿಂದ ಇದಕ್ಕೇ ಕಾದವನು. ಇದು ತಪ್ಪಿದರೆ ಈ ವಯಸ್ಸಿನಲ್ಲಿ ಇನ್ನೊಮ್ಮೆ ಯಾರು ಕರೆದಾರು? ಡಿಜಿಟಲ್ ಕ್ಯಾಮೆರಾ ಮಾಸ್ತರರೇ ಕಳಿಸಿದ್ದರು. ಲೆನ್ಸ್ ಮಾತ್ರ ಇವನು ಆರಿಸಬೇಕು. ಮರುದಿನವೇ ಶೂಟಿಂಗ್.

ಸೊಲ್ಲಾಪುರದ ಬಾಡಿಗೆ ಲೆನ್ಸಿನವನು ಎರಡು ಪೆಟ್ಟಿಗೆ ಪ್ರೈಮ್ ಲೆನ್ಸ್ ಹೊತ್ತು ಮನೆಗೇ ಬಂದ. ಒಂದರಲ್ಲಿ ಹೊಸ ಕಾಲದವು, ಇನ್ನೊಂದರಲ್ಲಿ ಹಳೆಯ ಕಾಲದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆ ಬಸ್ಸಿಗೆ ಮರಳಿಸಬೇಕು. ಇಪ್ಪತ್ತೈದು, ಮೂವತ್ತೈದು, ಐವತ್ತು, ಎಂಬತ್ತೈದು. ಎರಡರಲ್ಲೂ ಅವೇ ಅಂಕಿ. ಅಂಕಿ ಸಣ್ಣದಾದಷ್ಟೂ ನೋಟ ಅಗಲವಂತೆ. ಇಂಗ್ಲಿಷಿನಲ್ಲಿ ನನಗೆ ಬರುವುದು ಅಂಕಿಯಷ್ಟೇ, ಅದಕ್ಕೇ ತೆಗೆದುಕೊಡುವ ಕೆಲಸ ನನಗೆ ಬಂತು.

ಲೆನ್ಸ್ ಪರೀಕ್ಷೆಗೆ ಗೆರೆ ಹೊಡೆದ ದೊಡ್ಡ ಹಾಳೆ ಬೇಕಂತೆ. ಇರಲಿಲ್ಲ. ಒಳಗೆ ಹೋಗಿ ತಾನು ಹೊದೆಯುವ ಕೌದಿಯನ್ನೇ ಎಳೆತಂದು ಗೋಡೆಗೆ ಮೊಳೆ ಹೊಡೆದು ಬಿಗಿದ! ಹಳೆಯ ಸೀರೆ, ಧೋತರ ಕೂಡಿಸಿ ನಾನು ಹೊಲಿದ ಕೌದಿ. "ಅಕ್ಕಾ, ನಿನ್ನ ಹೊಲಿಗಿ ಮುಂದ ಯಾವ ಹಾಳಿ ನಿಂದರ್ತೈತಿ?" ಅಂದ. ಹೊಗಳಿಕೆಗೆ ಬೀಳುವವಳು ನಾನಲ್ಲ. ಆದರೂ ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಬಿತ್ತು.

ಟೇಪು ಹಿಡಿದು ಅಳೆದ. ಒಂದೊಂದೇ ಲೆನ್ಸ್ ಹಾಕಿ ತೆಗೆದ. ಟಿವಿಯಲ್ಲಿ ನೋಡಿದೆವು. ಹೊಸದರಲ್ಲಿ ದಾರದ ನಾರನ್ನೂ ಎಣಿಸಬಹುದಿತ್ತು. ಹಳೆಯದರಲ್ಲಿ ಬಣ್ಣಕ್ಕೆ ಬೆಣ್ಣೆ ಸವರಿದಂತಿತ್ತು. ಆದರೆ ಎಂಟರಲ್ಲೂ ಮೇಲಿನ ಬಲಮೂಲೆ ಪೂರಿಯ ಹಾಗೆ ಉಬ್ಬಿತ್ತು.

"ಮೂಲಿ ಉಬ್ಬೇತಿ!" ಎಂದು ಕಿರುಚಿದ ತಮ್ಮ.

"ಅಗಲ ಲೆನ್ಸಿನ್ಯಾಗ ಸ್ವಲ್ಪ ಉಬ್ತೈತ್ರಿ ಕಾಕಾ" ಎಂದ ಲೆನ್ಸಿನವನು.

"ಎಂಬತ್ತೈದರಾಗೂ ಉಬ್ಬೇತೆಲ್ಲೋ ಮಾರಾಯಾ!"

ಲೆನ್ಸ್ ಒರೆಸಿದರು. ಕ್ಯಾಮೆರಾ ಸರಿಸಿದರು. ಗೋಡೆಯೇ ಸೊಟ್ಟವೋ ಎಂದು ನೆರೆಮನೆಯ ಗೌಂಡಿಯ ತೂಗುಗುಂಡು ತಂದು ಇಳಿಬಿಟ್ಟರು. ಗೋಡೆ ನೆಟ್ಟಗಿತ್ತು! ನಡುವೆ ನಾನು ಊಟಕ್ಕೆ ಮೂರು ಸಲ ಕರೆದೆ. ಯಾರಿಗೆ ಬೇಕು ಊಟ?

ಕಡೆಗೆ ತಮ್ಮ ಫೋನ್ ತೆಗೆದ. "ಎರಡೂ ಬ್ಯಾಡ. ಮಾಸ್ತರಿಗೆ ಆಗೂದಿಲ್ಲಂತ ಹೇಳ್ತೇನಿ. ಸೊಟ್ಟ ಲೆನ್ಸ್ ಹಿಡಕೊಂಡು ಸಿನಿಮಾ ಮಾಡೂದಕಿಂತ ಮಾಡದಿರೂದ ಛಲೋ."

"ಆಯೀ, ನೀವರ ಹೇಳ್ರಿ. ನನ್ನ ಬಸ್ ಹೋಗ್ತೈತಿ" ಎಂದ ಲೆನ್ಸಿನವನು.

ಎದ್ದು ಹೋಗಿ ಫೋನ್ ಕಸಿದೆ. ತಮ್ಮನ ಕೈ ಹಿಡಿದು ಕೌದಿಯ ಆ ಮೂಲೆಗೆ ಒತ್ತಿದೆ. "ಗಾಜಿನ್ಯಾಗ ಏನ ನೋಡ್ತೀ? ಕೈ ಹಚ್ಚಿ ನೋಡು, ಖೋಡಿ!"

"ಏನೋ ಗಂಟ ಐತೆಲ್ಲ?"

"ಲೆನ್ಸ್ ಉಬ್ಬಿಲ್ಲೋ. ಅದು ಹೋಳಿಗಿ!"

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುವುದು ನಮ್ಮ ಪದ್ಧತಿ. ಹೆಂಗಸರ ಕೆಲಸ, ಗಂಡಸರಿಗೇನು ಗೊತ್ತು? ಆ ಮೂಲೆಯೊಂದನ್ನು ಅವನ ಹೆಂಡತಿಗೆ ಬಿಟ್ಟಿದ್ದೆ. ಮುದ್ದೇಬಿಹಾಳದ ಹುಡುಗಿ, ಕೈ ಬಲು ದೊಡ್ಡದು. ಇಡೀ ಹೋಳಿಗೆಯನ್ನು ನಾಲ್ಕು ಮಡಿಕೆ ಮಾಡಿ, ಅರಿವೆಯಲ್ಲಿ ಸುತ್ತಿ ಹೊಲಿದುಬಿಟ್ಟಳು! "ಇದೇನು ಕೌದಿನೋ, ಬುತ್ತಿ ಗಂಟೋ?" ಎಂದು ಬೈದಿದ್ದೆ.

"ಇರ್ಲಿ ಬಿಡ್ರಿ ಅಕ್ಕಾರ" ಅಂದಿದ್ದಳು. "ಕರದ್ರ ಉಣ್ಣಾಕ ಬರೂದಿಲ್ಲ ಅವ್ರು. ಹಸದು ಮಲಗಿದ್ರ ಕೌದಿದರ ಹೊಟ್ಟಿ ತುಂಬಿರ್ಲಿ."

ಹೋಳಿಗೆ ಎಂದೋ ಇರುವೆಗಳ ಪಾಲಾಗಿತ್ತು. ಅರಿವೆಯ ಗಂಟು ಮಾತ್ರ ಎಷ್ಟು ಒಗೆದರೂ ಹೋಗಿರಲಿಲ್ಲ. ಇಷ್ಟು ವರ್ಷ ಹೊದ್ದು ಮಲಗಿದವನಿಗೆ ಕಾಣದ್ದು ಎಂಟು ಲೆನ್ಸಿಗೂ ಕಂಡಿತ್ತು.

ಅವಳು ಅಂದ ಮಾತನ್ನು ಅವನಿಗೆ ಹೇಳಿದೆ. ತಮ್ಮ ಆ ಮೂಲೆಯಿಂದ ಕೈ ತೆಗೆಯಲಿಲ್ಲ. ಟಿವಿ ಕಡೆ ನೋಡಿ ಕೇಳಿದ: "ನೀನ ಹೇಳಕ್ಕಾ, ಯಾವುದು?"

"ಹೊಸಾದ್ರಾಗ ಬರೇ ಗಂಟ ಕಾಣ್ತೈತಿ. ಹಳೇದ್ರಾಗ ಒಳಗ ಯಾರೋ ಏನೋ ಇಟ್ಟಾರಂತ ಅನಸ್ತೈತಿ."

ಹಳೆಯ ಪೆಟ್ಟಿಗೆ ಉಳಿಯಿತು. ಲೆನ್ಸಿನವನು ಇನ್ನೊಂದನ್ನು ಹೊತ್ತು ಬಸ್ಸಿಗೆ ಓಡಿದ.

ತಮ್ಮ ಮೊಳೆ ಕಿತ್ತು ಕೌದಿ ಇಳಿಸಿದ. ಆ ಮೂಲೆ ಮೇಲೆ ಬರುವಂತೆ ಮಡಚಿದ. ಆ ಗಂಟನ್ನು ಬಿಚ್ಚಿ ನೆಟ್ಟಗೆ ಹೊಲಿಯಬೇಕೆಂದು ಎಷ್ಟು ಸಲ ಸೂಜಿ ಹಿಡಿದಿದ್ದೆನೋ! ಅದನ್ನು ಅವನಿಗೆ ಹೇಳಲಿಲ್ಲ. ಒಳಗೆ ಹೋಗಿ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ.

"ಊಟಕ್ಕ ಬಾರೋ" ಎಂದೆ.

ಎರಡನೆಯ ಸಲ ಕೂಗಲು ಬಾಯಿ ತೆರೆದು ತಿರುಗಿದರೆ, ಕೈ ತೊಳೆದು ತಾಟಿನ ಮುಂದೆ ಕುಳಿತಿದ್ದ.